ಬಾಗಿಲಿಗೆ ಕಂಬಳಿ, ನೆಲಕ್ಕೆ ಚಳಿ

ಅಮೆರಿಕದಲ್ಲಿ ಮನೆ ರಿಪೇರಿ ಸಾಮಾನು ಮಾರುವ ದೊಡ್ಡ ಅಂಗಡಿಗಳಲ್ಲಿ ಗ್ಯಾರೇಜ್ ಬಾಗಿಲಿನ ಇನ್ಸುಲೇಷನ್ ಕಿಟ್ ಸುಲಭವಾಗಿ ಸಿಗುತ್ತದೆ. ಅಳತೆಗೆ ಕತ್ತರಿಸಿಕೊಳ್ಳುವ ಥರ್ಮಾಕೋಲ್ ಹಲಗೆ ಅಥವಾ ಬೆಳ್ಳಿಬಣ್ಣದ ಹಾಳೆ, ಅದನ್ನು ಹಿಡಿದಿಡಲು ಕ್ಲಿಪ್ಪು, ಅಂಟುಪಟ್ಟಿ. ಒಂದು ಭಾನುವಾರದ ಕೆಲಸ. ಮನೆ ಬೆಚ್ಚಗಾಗುತ್ತದೆ, ಬಿಲ್ಲು ಇಳಿಯುತ್ತದೆ ಎಂಬುದು ಮಾರುವವರ ಭರವಸೆ. ಹಿಮ ಬೀಳುವ ಒಳನಾಡಿನಲ್ಲಿ, ಉಳಿದ ಗೋಡೆಗಳಿಗೆಲ್ಲ ಇನ್ಸುಲೇಷನ್ ಇರುವ ಹೊಸ ಮನೆಗಳಲ್ಲಿ ಆ ಭರವಸೆಗೆ ಆಧಾರವಿದೆ. ಆದರೆ ಕಡಲಂಚಿನ ಹಳೆಯ ಮನೆಗಳಲ್ಲಿ ಇದನ್ನೇ ಮೊದಲ ಕೆಲಸವೆಂದು ಹಿಡಿಯುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಬಾಗಿಲಿಗಿಂತ ಮೊದಲು ಆಗಬೇಕಾದ ಕೆಲಸಗಳು ಬೇರೆಯೇ ಇವೆ. ಅವುಗಳಲ್ಲಿ ಕೆಲವು ಜೀವ ಉಳಿಸುವಂಥವು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಊರನ್ನೇ ಮುಂದಿಟ್ಟುಕೊಳ್ಳೋಣ. ಸ್ಯಾನ್ ಫ್ರಾನ್ಸಿಸ್ಕೋದ ಪಶ್ಚಿಮ ಭಾಗದ ಸನ್‌ಸೆಟ್ ಬಡಾವಣೆ ಒಂದು ಕಾಲಕ್ಕೆ ಬರೀ ಮರಳುದಿಬ್ಬ. 1920ರಿಂದ 1940ರ ದಶಕದವರೆಗೆ ಅಲ್ಲಿ ಸಾಲುಸಾಲಾಗಿ ಮನೆಗಳೆದ್ದವು. ಕಟ್ಟಿದವರಲ್ಲಿ ಹೆಚ್ಚು ಹೆಸರಾದವನು ಹೆನ್ರಿ ಡೋಲ್ಗರ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪಕ್ಕದ ಡೇಲಿ ಸಿಟಿಯಲ್ಲಿ ವೆಸ್ಟ್‌ಲೇಕ್ ಬಡಾವಣೆಯನ್ನು ಕಟ್ಟಿದವನೂ ಅವನೇ. ಸನ್‌ಸೆಟ್‌ನ ಮನೆಗಳ ಅಚ್ಚು ಹೆಚ್ಚುಕಡಿಮೆ ಒಂದೇ. ನಿವೇಶನದ ಅಗಲ 25 ಅಡಿ, ಪಕ್ಕದ ಮನೆಗೆ ತಾಗಿದ ಗೋಡೆ, ನೆಲಮಟ್ಟದಲ್ಲಿ ಉದ್ದಕ್ಕೂ ಗ್ಯಾರೇಜು, ಅದರ ಮೇಲೆ ವಾಸದ ಕೋಣೆಗಳು. ಗ್ಯಾರೇಜಿನ ಹಿಂಭಾಗದಲ್ಲಿ ಬಟ್ಟೆ ಒಗೆಯುವ ಯಂತ್ರ, ಗ್ಯಾಸ್ ಗೀಸರು, ಮನೆ ಬೆಚ್ಚಗಿಡುವ ಫರ್ನೇಸು. ಮಧ್ಯಮ ವರ್ಗದ ಸಂಸಾರಗಳಿಗೆ ಕೈಗೆಟುಕುವ ಬೆಲೆಯಲ್ಲಿ ಕಟ್ಟಿದ ಈ ಮನೆಗಳಿಗೆ ಅಂದು ಇನ್ಸುಲೇಷನ್ ಎಂಬುದೇ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡ ಕುಟುಂಬಗಳು ಹೆಚ್ಚಾಗಿ ದಕ್ಷಿಣದ ಬಿಸಿಲಿನ ಊರುಗಳಲ್ಲಿ ನೆಲೆಸಿದ್ದರೂ, ಇಂಥ ಮಂಜಿನ ಬಡಾವಣೆಗಳಲ್ಲಿ ಮನೆ ಮಾಡಿಕೊಂಡವರೂ ಇದ್ದಾರೆ. ಈ ವಿಚಾರ ಅವರಿಗೂ ಸೇರಿದ್ದು.

ಇಲ್ಲಿಯ ಹವೆಯನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಪೆಸಿಫಿಕ್‌ನ ತಣ್ಣೀರಿನ ಮೇಲಿಂದ ಬೇಸಿಗೆಯಲ್ಲೂ ಮಂಜು ನುಗ್ಗಿ ಬರುತ್ತದೆ. ವರ್ಷದ ಬಹುಪಾಲು ದಿನ ಉಷ್ಣತೆ 10ರಿಂದ 18 ಡಿಗ್ರಿ ಸೆಲ್ಸಿಯಸ್‌ ನಡುವೆ ಆಡುತ್ತದೆ. ನೀರು ಹೆಪ್ಪುಗಟ್ಟುವ ಚಳಿ ಅಪರೂಪ. ಬಿಸಿಲು ಚುರುಕಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಒಟ್ಟಿನಲ್ಲಿ ಇದು ಕಡಿಯುವ ಚಳಿಯ ಊರಲ್ಲ. ಬಿಡದೆ ಕಾಡುವ ತಂಪು, ತೇವದ ಊರು. ಒಳಗೆ 20 ಡಿಗ್ರಿ, ಹೊರಗೆ 12 ಡಿಗ್ರಿ ಇದ್ದರೆ ವ್ಯತ್ಯಾಸ ಎಂಟೇ ಡಿಗ್ರಿ. ಮಿನ್ನೆಸೋಟದ ಜನವರಿಯಲ್ಲಿ ಅದು 30 ಡಿಗ್ರಿ ದಾಟುತ್ತದೆ. ಒಂದೇ ಕಿಟ್ ಎರಡೂ ಕಡೆ ಒಂದೇ ಲಾಭ ಕೊಡಲಾರದು.

ಈಗ ಲೆಕ್ಕ. ಒಂದು ಕಾರಿನ ಬಾಗಿಲು ಸಾಮಾನ್ಯವಾಗಿ 8 ಅಡಿ ಅಗಲ, 7 ಅಡಿ ಎತ್ತರ; ಅಂದರೆ 56 ಚದರ ಅಡಿ. ಗ್ಯಾರೇಜಿನ ಮೇಲಿರುವ ವಾಸದ ನೆಲ 25 ಅಡಿ ಅಗಲ, 40 ಅಡಿ ಉದ್ದ ಎಂದಿಟ್ಟುಕೊಂಡರೆ 1000 ಚದರ ಅಡಿ. ಸುಮಾರು ಹದಿನೆಂಟು ಪಟ್ಟು. ಕೋಣೆಯ ಬಿಸಿ ಮೊದಲು ಈ ಮರದ ನೆಲದ ಮೂಲಕ ಗ್ಯಾರೇಜಿಗೆ ಇಳಿಯುತ್ತದೆ. ಅಲ್ಲಿಂದ ಬಾಗಿಲು, ಗೋಡೆ, ಕಾಂಕ್ರೀಟ್ ನೆಲ, ಗಾಳಿಕಿಂಡಿ ಎಂದು ಹಲವು ದಾರಿಯಲ್ಲಿ ಹೊರಗೆ ಹೋಗುತ್ತದೆ. ಬಾಗಿಲಿಗೆ ಫೋಮ್ ಅಂಟಿಸಿದರೆ ಮುಚ್ಚುವುದು ಆ ಹಲವು ದಾರಿಗಳಲ್ಲಿ ಒಂದು ಮಾತ್ರ. ನೆಲದ ತೊಲೆಗಳ ನಡುವೆ ಶಾಖ ತಡೆಯುವ ಆರ್-19 ದರ್ಜೆಯ ಗ್ಲಾಸ್ ವೂಲ್ ತುಂಬಿದರೆ ಬಿಸಿ ಕೆಳಗಿಳಿಯುವುದೇ ಬಹಳಷ್ಟು ಕಡಿಮೆಯಾಗುತ್ತದೆ. ಕಾಲಿಗೆ ತಾಗುವ ತಂಪು ಹೋಗುವುದೂ ಆಗಲೇ. ಇಂಥ ಮನೆಯ ನಿಜವಾದ ಗಡಿ ಗ್ಯಾರೇಜಿನ ಬಾಗಿಲಲ್ಲ, ಗ್ಯಾರೇಜಿನ ಸೀಲಿಂಗು. ಇದನ್ನು ಮರೆತದ್ದೇ ಈ ರೂಢಿಯ ಮೂಲ ದೋಷ.

ಎರಡನೆಯ ದೋಷ ಡಬ್ಬಿಯ ಮೇಲಿನ ಅಂಕಿಯದು. ಶಾಖವನ್ನು ತಡೆಯುವ ಶಕ್ತಿಯನ್ನು ಅಮೆರಿಕದಲ್ಲಿ ಆರ್-ಮೌಲ್ಯದಲ್ಲಿ ಹೇಳುತ್ತಾರೆ. ಥರ್ಮಾಕೋಲ್ ಒಂದು ಇಂಚಿಗೆ ಸುಮಾರು 4, ಪಾಲಿಯುರೆಥೇನ್ ಫೋಮ್ ಸುಮಾರು 6. ಬಾಗಿಲುಗಳ ಪ್ರಚಾರಪತ್ರದಲ್ಲಿ ಕಾಣುವ ಆರ್-9, ಆರ್-16 ಇತ್ಯಾದಿ ಅಂಕಿಗಳು ಸಾಮಾನ್ಯವಾಗಿ ಹಲಗೆಯ ನಟ್ಟನಡುವಿನ ಒಂದು ತುಂಡಿಗೆ ಸಲ್ಲುವಂಥವು. ಹಲಗೆ ಹಲಗೆ ಸೇರುವ ಸಂದು, ಕೀಲು, ಉಕ್ಕಿನ ಅಂಚು, ಸುತ್ತಲಿನ ಚೌಕಟ್ಟು ಆ ಲೆಕ್ಕದಲ್ಲಿ ಬರುವುದಿಲ್ಲ. ಇಡೀ ಬಾಗಿಲನ್ನು ಜೋಡಿಸಿ ಶಾಖ ಮತ್ತು ಗಾಳಿಯ ಸೋರಿಕೆ ಅಳೆಯುವ ವಿಧಾನ ಇಲ್ಲದೆ ಇಲ್ಲ; ಬಾಗಿಲು ತಯಾರಕರ ಒಕ್ಕೂಟವೇ ರೂಪಿಸಿದ ಡಾಸ್ಮಾ 105 ಎಂಬ ಮಾನದಂಡ ಅದಕ್ಕೆಂದೇ ಇದೆ. ಕೊಳ್ಳುವವರು ಆ ಅಂಕಿಯನ್ನೇ ಕೇಳಬೇಕು. ಬೆಳ್ಳಿಹಾಳೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದರ ಮುಂದೆ ಗಾಳಿಯ ತೆರಪು ಇದ್ದರೆ ಮಾತ್ರ ಅದು ಶಾಖವನ್ನು ಹಿಂದಕ್ಕೆ ತಿರುಗಿಸುತ್ತದೆ; ತಗಡಿಗೆ ನೇರ ಅಂಟಿಸಿ, ಮೇಲೆ ಧೂಳು ಕೂತರೆ ಉಳಿಯುವ ಪ್ರಯೋಜನ ತೀರಾ ಅಲ್ಪ.

ಸಂದುಗಳ ಮಾತು ಬಂತಲ್ಲ, ಅಲ್ಲಿಯೇ ಅಗ್ಗದ ಪರಿಹಾರವೂ ಇದೆ. 8 ಅಡಿಗೆ 7 ಅಡಿಯ ಬಾಗಿಲಿನ ಸುತ್ತಳತೆ 30 ಅಡಿ. ಸುತ್ತಲೂ ಕಾಲು ಇಂಚು ಸಂದು ಬಿಟ್ಟಿದ್ದರೆ ಒಟ್ಟು 90 ಚದರ ಇಂಚು; ಒಂಬತ್ತೂವರೆ ಇಂಚು ಚೌಕದ ಕಿಂಡಿಯನ್ನು ಕಡಲಗಾಳಿಗೆ ತೆರೆದಿಟ್ಟ ಲೆಕ್ಕ. ಸನ್‌ಸೆಟ್‌ನ ಅವೆನ್ಯೂಗಳು ಉತ್ತರ–ದಕ್ಷಿಣವಾಗಿ ಹರಿಯುವುದರಿಂದ ಅಲ್ಲಿಯ ಮನೆಗಳ ಮುಖ ಪೂರ್ವಕ್ಕೋ ಪಶ್ಚಿಮಕ್ಕೋ ಇರುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಿಗೆ ಗಾಳಿ, ಉಪ್ಪು, ಮರಳು ಎಲ್ಲವೂ ನೇರವಾಗಿ ಬಡಿಯುತ್ತವೆ. ಕೆಳಗೆ ಹೊಸ ರಬ್ಬರ್, ಎರಡು ಬದಿ ಮತ್ತು ಮೇಲೆ ತಡೆಪಟ್ಟಿ ಹಾಕಿದರೆ ಫೋಮ್ ಅಂಟಿಸುವುದಕ್ಕಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಸಿಗುತ್ತದೆ.

ಆದರೆ ಸಂದು ಮುಚ್ಚುವ ಉತ್ಸಾಹಕ್ಕೂ ಒಂದು ಮಿತಿಯಿದೆ. ಇದನ್ನು ಒತ್ತಿ ಹೇಳಬೇಕು. ಗ್ಯಾರೇಜಿನಲ್ಲಿ ಗ್ಯಾಸ್ ಗೀಸರು, ಫರ್ನೇಸು ಇದ್ದರೆ ಅವು ಉರಿಯಲು ಗಾಳಿ ಬೇಕು. ಗಾಳಿ ಸಾಲದಿದ್ದರೆ ಹೊಗೆ ಚಿಮಣಿಯಲ್ಲಿ ಮೇಲೇರದೆ ಒಳಕ್ಕೆ ತಿರುಗಬಹುದು. ಅದರಲ್ಲಿ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಬಾಗಿಲ ಬುಡದಲ್ಲೋ ಗೋಡೆಯಲ್ಲೋ ಇರುವ ಜಾಲರಿಯ ಕಿಂಡಿಗಳನ್ನು ಆ ಗಾಳಿಗಾಗಿಯೇ ಇಟ್ಟಿರುತ್ತಾರೆ. ಕಿಟ್ ಹಾಕುವ ಭರದಲ್ಲಿ ಅವುಗಳ ಮೇಲೂ ಫೋಮ್ ಅಂಟಿಸುವುದು ಅಪಾಯಕ್ಕೆ ಆಹ್ವಾನ. ಗ್ಯಾರೇಜು ಅಂಟಿಕೊಂಡಿರುವ ಅಥವಾ ಗ್ಯಾಸ್ ಉಪಕರಣಗಳಿರುವ ಮನೆಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕೆಂದು ಕ್ಯಾಲಿಫೋರ್ನಿಯಾದಲ್ಲಿ 2011ರಿಂದ ಕಾನೂನಿದೆ. ಬಾಗಿಲಿಗೆ ಕೈ ಹಾಕುವ ಮುನ್ನ ಆ ಅಲಾರಂ ಕೆಲಸ ಮಾಡುತ್ತಿದೆಯೇ ನೋಡಿಕೊಳ್ಳಿ.

ಉಪ್ಪಿನ ಸಂಗತಿ ಇನ್ನೊಂದು. ಗಾಳಿಯಲ್ಲಿ ಬಂದು ಕೂರುವ ಉಪ್ಪು, ತೇವಾಂಶ ಶೇ 75 ದಾಟಿದಾಗ ತಾನಾಗಿ ನೀರು ಹೀರಿ ಕರಗುತ್ತದೆ. ಮಂಜಿನ ಊರಿನಲ್ಲಿ ಅದು ಬಹುತೇಕ ಪ್ರತಿ ರಾತ್ರಿಯ ಕಥೆ. ಸ್ಪ್ರಿಂಗು, ಕೀಲು, ತಂತಿಹಗ್ಗ, ಬಾಗಿಲ ಕೆಳಅಂಚು ಇವು ಮೊದಲು ತುಕ್ಕು ಹಿಡಿಯುವುದು ಅದರಿಂದಲೇ. ತಗಡಿನ ಒಳಮೈಗೆ ಫೋಮ್ ಅಂಟಿಸಿದಾಗ ತುಕ್ಕು ಕಣ್ಣಿಗೆ ಮರೆಯಾಗುತ್ತದೆ. ಬಟ್ಟೆ ಒಣಗಿಸುವ ಯಂತ್ರದ ತೇವದ ಗಾಳಿ ಫೋಮಿನ ಅಂಚಿನಲ್ಲಿ ನುಸುಳಿ, ತಣ್ಣನೆಯ ತಗಡಿಗೆ ತಾಗಿ ನೀರಾಗುತ್ತದೆ. ಆ ನೀರು ಕೆಳಗಿನ ಪಟ್ಟಿಯಲ್ಲಿ ನಿಂತುಬಿಡುತ್ತದೆ. ಹಳೆಯ ಮರದ ಬಾಗಿಲಾದರೆ ತುಕ್ಕಿನ ಬದಲು ಕೊಳೆತ. ಒಣಗಲು ದಾರಿಯಿಲ್ಲದಂತೆ ಯಾವ ವಸ್ತುವನ್ನೂ ಮುಚ್ಚಬಾರದು ಎಂಬುದು ಕಡಲಂಚಿನ ಮನೆಗಳ ಮೊದಲ ಪಾಠ. ಕಾರವಾರದಿಂದ ಮಂಗಳೂರಿನವರೆಗೆ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ಕಾಡುವುದು ಚಳಿಯಲ್ಲ, ಸೆಕೆ. ಹಾಗಾಗಿ ಅಲ್ಲಿಯ ಕಾರಿನ ಶೆಡ್ಡುಗಳಿಗೆ ಈ ಕಿಟ್ಟಿನ ಅಗತ್ಯವೇ ಇಲ್ಲ. ಮೇಲ್ಭಾಗದಲ್ಲಿ ಗಾಳಿ ಆಡುವ ಜಾಲರಿ ಸಾಕು.

ಮತ್ತೊಂದು ಆಕ್ಷೇಪ ತೂಕದ್ದು. ಗ್ಯಾರೇಜ್ ಬಾಗಿಲನ್ನು ಎತ್ತುವುದು ಮೋಟಾರಿಗಿಂತ ಹೆಚ್ಚಾಗಿ ಸ್ಪ್ರಿಂಗು. ಬಾಗಿಲ ತೂಕಕ್ಕೆ ಸರಿಯಾಗಿ ಅದನ್ನು ಬಿಗಿದಿರುತ್ತಾರೆ. ತೆಳು ಥರ್ಮಾಕೋಲ್ ಹಗುರವೇ. ಆದರೆ ಅದರ ಮೇಲೆ ಅಂದಕ್ಕೆಂದು ಪ್ಲೈವುಡ್ ಹೊಡೆದರೆ ಸಮತೋಲ ಕೆಡುತ್ತದೆ. ಪರೀಕ್ಷೆ ಸರಳ: ಮೋಟಾರಿನ ಸಂಪರ್ಕ ಬಿಡಿಸಿ ಬಾಗಿಲನ್ನು ಕೈಯಿಂದ ಅರ್ಧಕ್ಕೆ ಎತ್ತಿ ಬಿಟ್ಟರೆ ಅದು ಅಲ್ಲೇ ನಿಲ್ಲಬೇಕು. ಜಾರಿದರೆ ಸ್ಪ್ರಿಂಗನ್ನು ಸರಿಪಡಿಸಬೇಕು, ಅದನ್ನು ನುರಿತವರೇ ಮಾಡಬೇಕು; ಬಿಗಿದ ಸ್ಪ್ರಿಂಗು ಕೈ ಮುರಿಯಬಲ್ಲದು. ಇದು ಬರೀ ಯಂತ್ರದ ಬಾಳಿಕೆಯ ಪ್ರಶ್ನೆಯೂ ಅಲ್ಲ. 2017ರ ಅಕ್ಟೋಬರಿನಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚಿನ ವೇಳೆ ಕರೆಂಟು ಹೋಗಿ, ಗ್ಯಾರೇಜ್ ಬಾಗಿಲು ತೆರೆಯಲಾಗದೆ ಜೀವ ಕಳೆದುಕೊಂಡವರಿದ್ದಾರೆ. ಅದಾದ ಮೇಲೆ, 2019ರ ಜುಲೈಯಿಂದ, ರಾಜ್ಯದಲ್ಲಿ ಮಾರುವ ಹೊಸ ಮೋಟಾರುಗಳಿಗೆ ಬ್ಯಾಟರಿ ಕಡ್ಡಾಯವಾಯಿತು. ವಯಸ್ಸಾದವರಿರುವ ಮನೆಯಲ್ಲಿ ಕೈಯಿಂದ ಎತ್ತಲಾಗದಷ್ಟು ಭಾರದ ಬಾಗಿಲು ಇರಲೇಬಾರದು.

ಎಲ್ಲಕ್ಕಿಂತ ದೊಡ್ಡ ಮಾತು ಭೂಕಂಪದ್ದು. ಕೆಳಗೆ ಅಗಲವಾದ ಬಾಗಿಲ ತೆರಪು, ಮೇಲೆ ಇಡೀ ಮನೆಯ ಭಾರ: ಇಂಥ ಕಟ್ಟಡದ ಮುಂದಿನ ಗೋಡೆಯೇ ಅದರ ದುರ್ಬಲ ಜಾಗ. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ನಗರದ ಮರೀನಾ ಬಡಾವಣೆಯಲ್ಲಿ ಕೆಳಅಂತಸ್ತಿನ ಗ್ಯಾರೇಜುಗಳ ಮೇಲೆ ನಿಂತ ಕಟ್ಟಡಗಳು ಕುಸಿದದ್ದನ್ನು ಜಗತ್ತೇ ನೋಡಿತು. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಇಂಥ ಹಳೆಯ ಮರದ ಕಟ್ಟಡಗಳನ್ನು ಬಲಪಡಿಸುವುದನ್ನು ಕಡ್ಡಾಯ ಮಾಡಿತು. ಆದರೆ ಆ ಕಾನೂನು ಐದು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳಿಗೆ ಮಾತ್ರ. ಒಂದೇ ಸಂಸಾರದ ಮನೆಗಳನ್ನು ಮಾಲೀಕರ ವಿವೇಕಕ್ಕೆ ಬಿಡಲಾಗಿದೆ. ಬಾಗಿಲಿಗೆ ಸಾವಿರಾರು ಡಾಲರ್ ಸುರಿಯುವ ಮುನ್ನ ಅದರ ಎರಡೂ ಬದಿಯ ಗೋಡೆಗೆ ಆಸರೆಯ ಹಲಗೆ, ಬೇಕಾದಲ್ಲಿ ಉಕ್ಕಿನ ಚೌಕಟ್ಟು ಹಾಕಿಸುವುದು ಎಷ್ಟೋ ಮುಖ್ಯ. ಫ್ಲೋರಿಡಾದ ಕರಾವಳಿಯಲ್ಲೂ ಪಾಠ ಇಂಥದೇ. 1992ರ ಆಂಡ್ರ್ಯೂ ಚಂಡಮಾರುತದಲ್ಲಿ ಎಷ್ಟೋ ಕಡೆ ಗ್ಯಾರೇಜ್ ಬಾಗಿಲು ಒಡೆದು ಒಳನುಗ್ಗಿದ ಗಾಳಿ ಮನೆಯ ಸೂರನ್ನೇ ಎತ್ತಿ ಒಗೆಯಿತು. ಅಲ್ಲಿ ಬಾಗಿಲಿನ ಮೊದಲ ಗುಣ ಗಾಳಿಗೆ ಬಗ್ಗದಿರುವುದು; ಬೆಚ್ಚಗಿಡುವುದು ಆಮೇಲಿನದು.

ಈ ರೂಢಿಗೆ ಸಲ್ಲಬೇಕಾದ ಮೆಚ್ಚುಗೆಯೂ ಇದೆ. ಗ್ಯಾರೇಜನ್ನೇ ಸಂಗೀತದ ಅಭ್ಯಾಸಕ್ಕೋ ಕೈಕೆಲಸಕ್ಕೋ ದಿನವೂ ಬಳಸುವವರಿಗೆ ಇನ್ಸುಲೇಷನ್ ಇರುವ ಬಾಗಿಲು ನಿಜವಾದ ಸುಖ ಕೊಡುತ್ತದೆ. ಫೋಮ್ ತುಂಬಿದ ಎರಡು ಪದರದ ಬಾಗಿಲು ಗಟ್ಟಿ, ಅಲುಗಾಟ ಕಡಿಮೆ, ಏರಿಳಿಯುವಾಗ ಸದ್ದೂ ಕಡಿಮೆ. ಮೇಲಿನ ಕೋಣೆಯಲ್ಲಿ ಮಗು ಮಲಗಿದ್ದರೆ ಅದೇನು ಸಣ್ಣ ಲಾಭವಲ್ಲ. ಮನೆ ಮಾರುವಾಗಲೂ ಹೊಸ ಬಾಗಿಲು ಕೈ ಹಿಡಿಯುತ್ತದೆ: ಮನೆ ನವೀಕರಣದ ಖರ್ಚು ಮತ್ತು ಮರಳುವ ಬೆಲೆಯನ್ನು ಹೋಲಿಸುವ ಅಮೆರಿಕದ ವಾರ್ಷಿಕ ವರದಿಯಲ್ಲಿ 2024ರಲ್ಲಿ ಮೊದಲ ಸ್ಥಾನ ಗ್ಯಾರೇಜ್ ಬಾಗಿಲ ಬದಲಾವಣೆಗೇ ಬಂತು. ಅದು ಮುಂಭಾಗದ ಅಂದಕ್ಕೆ ಸಂದ ಬೆಲೆ. ಉಳಿದ ಗ್ಯಾಸಿನ ಲೆಕ್ಕವೆಂದು ಯಾರೂ ಭ್ರಮಿಸಬಾರದು.

ಹಾಗಾದರೆ ಕೆಲಸದ ಸರದಿ ಹೀಗಿರಲಿ. ಮೊದಲು ಗ್ಯಾಸ್ ಉಪಕರಣ, ಅಲಾರಂ, ಗಾಳಿಕಿಂಡಿಗಳ ತಪಾಸಣೆ. ಎರಡನೆಯದು ಬಾಗಿಲ ಸುತ್ತಲಿನ ಗೋಡೆಯ ಬಲ. ಮೂರನೆಯದು ಸೀಲಿಂಗು: ತೊಲೆಗಳ ನಡುವೆ ಇನ್ಸುಲೇಷನ್, ಅದರ ಕೆಳಗೆ ಬೆಂಕಿ ತಡೆಯುವ ಜಿಪ್ಸಮ್ ಬೋರ್ಡ್. ಹಳೆಯ ಫರ್ನೇಸಿನ ಕೊಳವೆಗಳಿಗೆ ಸುತ್ತಿದ ಬಿಳಿ ಪಟ್ಟಿಯಲ್ಲಿ ಆಸ್ಬೆಸ್ಟಾಸ್ ಇರಬಹುದು, 1978ಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ಪರೀಕ್ಷೆ ಮಾಡಿಸದೆ ಕೆರೆಯಬೇಡಿ. ನಾಲ್ಕನೆಯದು ರಬ್ಬರ್ ಪಟ್ಟಿ. ಇಷ್ಟಾದ ಮೇಲೂ ಹಣ ಉಳಿದಿದ್ದರೆ, ಬಾಗಿಲು ಹೇಗೂ ಬದಲಾಗಬೇಕಿದ್ದರೆ, ಕಾರ್ಖಾನೆಯಲ್ಲೇ ಫೋಮ್ ತುಂಬಿ ಮುಚ್ಚಿದ, ತುಕ್ಕು ತಡೆಯುವ ಲೇಪದ, ಅದರ ತೂಕಕ್ಕೆ ಹೊಂದಿದ ಸ್ಪ್ರಿಂಗಿನ ಹೊಸ ಬಾಗಿಲನ್ನೇ ಕೊಳ್ಳಿ. ಎಂಬತ್ತು ವರ್ಷ ಉಪ್ಪುಗಾಳಿ ಕುಡಿದ ಹಳೆಯ ಬಾಗಿಲಿಗೆ ಅಂಗಡಿಯ ಕಿಟ್ ಅಂಟಿಸಬೇಡಿ. ಆ ಹಣವನ್ನು ಸೀಲಿಂಗಿಗೆ ಹಾಕಿ.