ಲಕೋಟೆಯ ಬೆನ್ನಿನ ಚಿತ್ರ

ನಾನು ಮಡಿಕೇರಿಯಲ್ಲಿ ಓದುತ್ತಿದ್ದಾಗ ಗಾಂಧಿ ಜಯಂತಿ ಬಂತೆಂದರೆ ಟೀಚರು ಟಿ.ಬಿ. ಸೀಲುಗಳ ಹಾಳೆಯನ್ನು ಕೈಗಿಡುತ್ತಿದ್ದರು. ಅಂಚೆಚೀಟಿಯಂಥದೇ ಪುಟ್ಟ ಚಿತ್ರ, ಜೊತೆಗೆ ಎರಡು ಅಡ್ಡಗೆರೆಯ ಕೆಂಪು ಶಿಲುಬೆ. ವರ್ಷಕ್ಕೊಂದು ಹೊಸ ಚಿತ್ರ. ಹೋದ ವರ್ಷದ್ದು ಮತ್ತೆ ಸಿಗದು. ಮಾರಿ ಬಂದ ದುಡ್ಡು ಕ್ಷಯರೋಗ ನಿವಾರಣೆಗೆ.

1904ರಲ್ಲಿ ಡೆನ್ಮಾರ್ಕಿನ ಅಂಚೆ ನೌಕರ ಐನಾರ್ ಹೋಲ್ಬೋಲ್ ಹೂಡಿದ ಉಪಾಯವಿದು. ನಮ್ಮಲ್ಲಿ ಭಾರತೀಯ ಕ್ಷಯರೋಗ ಸಂಘ 1950ರಲ್ಲಿ ಆರಂಭಿಸಿತು. ಚಿತ್ರಪ್ರದರ್ಶನದ ಮೆಟ್ಟಿಲು ಹತ್ತದ ನಮ್ಮಂಥವರ ಮನೆಗೂ ಚಿತ್ರವನ್ನು ತಂದದ್ದು ಅದರ ಹೆಚ್ಚುಗಾರಿಕೆ.

ಆದರೆ ಚಿತ್ರವಾಗಿ ಅದು ಗೆದ್ದಿತೇ? ನನಗೆ ನೆನಪಿರುವುದು ಹೂವು, ಹಕ್ಕಿ. ನೋಡಲು ಚೆಂದವೇ. ಅಮ್ಮ ಅದನ್ನು ಲಕೋಟೆಯ ಬೆನ್ನಿಗೆ ಅಂಟಿಸುತ್ತಿದ್ದಳು. ಅದೇ ಲಕೋಟೆಯೊಳಗೆ, ಕ್ಷಯದಿಂದ ಮಲಗಿದ್ದ ಚಿಕ್ಕಮ್ಮನ ಬಗ್ಗೆ ಬರೆಯುತ್ತಿದ್ದುದು ಇಷ್ಟೇ: “ಚಳಿಗೆ ಸ್ವಲ್ಪ ಕೆಮ್ಮು.” ಚಿಕ್ಕಮ್ಮನಿಗೆ ಇನ್ನೂ ಮದುವೆಯಾಗಬೇಕಿತ್ತಲ್ಲ! ಹೊರಗೆ ಅಂಟಿಸಿದ್ದನ್ನು ಒಳಗೆ ಬರೆಯುವ ಧೈರ್ಯ ಅಮ್ಮನಿಗಿರಲಿಲ್ಲ.

ಆ ಹೂವು ಹಕ್ಕಿಗಳು ನಮಗೆ ಕೊಡುವುದನ್ನು ಕಲಿಸಿದವು, ಹೇಳುವುದನ್ನು ಕಲಿಸಲಿಲ್ಲ. ರೋಗದ ಹೆಸರು ಚಿತ್ರದ ಪಕ್ಕದಲ್ಲಿತ್ತು, ರೋಗಿ ಎಲ್ಲೂ ಇರಲಿಲ್ಲ. ಈಗ ಸಾಮಾನ್ಯ ಕ್ಷಯ ಆರು ತಿಂಗಳು ತಪ್ಪದೆ ಔಷಧಿ ತೆಗೆದುಕೊಂಡರೆ ವಾಸಿಯಾಗುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ. ಆದರೂ ಎಷ್ಟೋ ಹೆಣ್ಣುಮಕ್ಕಳ ಕೆಮ್ಮು ಇನ್ನೂ ಸೆರಗಿನ ಮರೆಯಲ್ಲೇ ಇದೆ.

ನನಗೆ ಚಿತ್ರ ಬರೆಯಲು ಬರುವಂತಿದ್ದರೆ ಆ ಪುಟ್ಟ ಚೌಕದಲ್ಲಿ ಹೂವಿನ ಬದಲು ಒಬ್ಬ ಹೆಂಗಸನ್ನು ಬರೆಯುತ್ತಿದ್ದೆ: ಚಿಕ್ಕಮ್ಮನ ಹಾಗೆ ಗುಣವಾಗಿ, ಕಾಫಿ ಕೊಯ್ಯುತ್ತಾ, ಮುಖ ಮರೆಸದೆ ನಮ್ಮ ಕಡೆ ನೋಡುತ್ತಿರುವವಳನ್ನು.