ಒಳಮೂಲೆಯಲ್ಲಿ ಸ್ಕರ್ಟಿಂಗ್ ಪಟ್ಟಿಯ ಜೋಡಣೆ

ಗೋಡೆಯ ಬುಡಕ್ಕೆ ಹೊಡೆಯುವ ಮರದ ಸ್ಕರ್ಟಿಂಗ್ ಪಟ್ಟಿಯನ್ನು ಕೋಣೆಯ ಒಳಮೂಲೆಯಲ್ಲಿ ಎರಡು ರೀತಿಯಲ್ಲಿ ಕೂಡಿಸುತ್ತಾರೆ. ಎರಡೂ ಪಟ್ಟಿಗಳ ತುದಿಯನ್ನು 45 ಡಿಗ್ರಿಗೆ ಓರೆಯಾಗಿ ಕತ್ತರಿಸಿ ಒಂದಕ್ಕೊಂದು ಸೇರಿಸುವುದು ಮೈಟರ್. ಒಂದು ಪಟ್ಟಿಯನ್ನು ನೇರ ಮೂಲೆಗೆ ಮುಟ್ಟಿಸಿ, ಇನ್ನೊಂದರ ತುದಿಯನ್ನು ಮೊದಲಿನದರ ಮೈಯ ಉಬ್ಬುತಗ್ಗಿಗೆ ಸರಿಯಾಗಿ ಕೊರೆದು ಅದಕ್ಕೆ ಒತ್ತಿ ಕೂರಿಸುವುದು ಎರಡನೆಯ ಕ್ರಮ. ಹೊರಮೂಲೆಗೆ ಮೈಟರೇ ಸರಿ. ಒಳಮೂಲೆಗೂ ಅದನ್ನೇ ಬಳಸುವ ರೂಢಿ, ಕತ್ತರಿಸುವ ಯಂತ್ರ ಬಂದ ಮೇಲೆ ಸುಲಭವೆನಿಸಿದರೂ, ಒಳ್ಳೆಯ ಕೆಲಸದ ಲಕ್ಷಣವಲ್ಲ.

ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯಂಥ ಊರಿನಲ್ಲಿ ಇದಕ್ಕೆ ಮೊದಲ ಕಾರಣ ಗೋಡೆಯೇ. ಚಿರೇಕಲ್ಲಿನ ಗೋಡೆಗೆ ಕೈಯಿಂದ ಗಾರೆ ಮೆತ್ತಿದಾಗ ಮೂಲೆ 90 ಡಿಗ್ರಿಗೆ ಕರಾರುವಾಕ್ಕಾಗಿ ಸಿಗುವುದು ಅಪರೂಪ. ಮೂಲೆ 92 ಡಿಗ್ರಿ ಇದೆಯೆಂದುಕೊಳ್ಳೋಣ. 18 ಮಿ.ಮೀ. ದಪ್ಪದ ಎರಡು ಪಟ್ಟಿಗಳನ್ನು ತಲಾ 45 ಡಿಗ್ರಿಗೆ ಕತ್ತರಿಸಿ ಕೂಡಿಸಿದರೆ ಅವು ಹಿಂದೆ, ಗೋಡೆಯ ಕಡೆ ಮುಟ್ಟುತ್ತವೆ. ಮುಂದೆ, ಕಣ್ಣಿಗೆ ಬೀಳುವ ಕಡೆ ಸುಮಾರು 0.9 ಮಿ.ಮೀ. ಸಂದು ಬಾಯಿಬಿಡುತ್ತದೆ. ಕೋನ ಅಳೆದು ತಲಾ 46 ಡಿಗ್ರಿಗೆ ಕತ್ತರಿಸಬಹುದು, ನಿಜ. ಆದರೆ ಮೊಳೆ ಹೊಡೆಯುತ್ತಿದ್ದಂತೆ ಪಟ್ಟಿ ಗೋಡೆಯ ತಗ್ಗಿನೊಳಕ್ಕೆ ಸರಿದು, ಬಿಗಿಯಾಗಿದ್ದ ಜೋಡಣೆ ಮತ್ತೆ ಸಡಿಲಾಗುತ್ತದೆ. ಇದಕ್ಕೆ ಮಲೆನಾಡಿನ ಹವೆಯೂ ಸೇರುತ್ತದೆ: ಮಳೆಗಾಲದಲ್ಲಿ ಉಬ್ಬಿದ ಮರ ಬೇಸಿಗೆಗೆ ಕುಗ್ಗುತ್ತದೆ. ಆಷಾಢದಲ್ಲಿ ಕೂದಲು ಹೋಗದಷ್ಟು ಬಿಗಿಯಿದ್ದ ಮೈಟರು ಶಿವರಾತ್ರಿಯ ಹೊತ್ತಿಗೆ ಕಪ್ಪು ಗೆರೆಯಾಗಿ ಕಾಣುವುದು ಹೀಗೆ. ಆಗ ಗರಗಸದ ಹೊಟ್ಟಿಗೆ ಫೆವಿಕಾಲ್ ಕಲಸಿ ತುಂಬುವುದು ಸಾಮಾನ್ಯ. ಒಣಗಿದ ಅಂಟು ಪಾಲಿಶ್ ಹೀರದ ಕಾರಣ ಆ ಜಾಗ ಕಲೆಯಂತೆ ಎದ್ದು ಕಾಣುತ್ತದೆ.

ಕೊರೆದು ಕೂರಿಸುವ ಜೋಡಣೆ ಮೂಲೆಯ ಕೋನವನ್ನು ಅಷ್ಟಾಗಿ ನೆಚ್ಚುವುದಿಲ್ಲ. ಎರಡನೆಯ ಪಟ್ಟಿಯನ್ನು ಮೊದಲು ಒಳಮೂಲೆಯ ಮೈಟರಿನಂತೆಯೇ ಓರೆಗೆ ಕತ್ತರಿಸಬೇಕು. ಆಗ ಮುಂಭಾಗದ ಅಂಚಿನಲ್ಲಿ ಪಟ್ಟಿಯ ಡಿಸೈನಿನ ಗೆರೆ ತಾನಾಗಿ ಮೂಡುತ್ತದೆ. ಆ ಅಂಚಿಗೆ ಪೆನ್ಸಿಲ್, ಬೀಟೆಯಂಥ ಕಪ್ಪು ಮರವಾದರೆ ಸೀಮೆಸುಣ್ಣ ಉಜ್ಜಿಕೊಂಡರೆ ಗೆರೆ ಸ್ಪಷ್ಟ. ತೆಳು ಅಲಗಿನ ಗರಗಸದಿಂದ ಗೆರೆಗುಂಟ ಕೊರೆಯುವಾಗ ಅಲಗನ್ನು ತುಸು ಹಿಂದಕ್ಕೆ ವಾಲಿಸಬೇಕು. ಹಿಂಭಾಗದ ಮರ ಹೆಚ್ಚು ಹೋಗಿ, ಮುಂದಿನ ಅಂಚೊಂದೇ ಮೊದಲ ಪಟ್ಟಿಯನ್ನು ಮುಟ್ಟುತ್ತದೆ. ಈ ಜೋಡಣೆಯ ಗುಣವೆಲ್ಲ ಇರುವುದು ಈ ಹಿಂದೋರೆಯಲ್ಲಿ. ಮೂಲೆ ಒಂದೆರಡು ಡಿಗ್ರಿ ಹೆಚ್ಚುಕಡಿಮೆಯಾದರೂ ಅಂಚು ಅಂಟಿಕೊಂಡೇ ಇರುತ್ತದೆ, ಉಳಿದ ಚೂರುಪಾರು ವ್ಯತ್ಯಾಸವನ್ನು ಅರದಿಂದ ಉಜ್ಜಿ ಸರಿಪಡಿಸಬಹುದು. ಉದ್ದವನ್ನು ಒಂದು ಮಿ.ಮೀ.ನಷ್ಟು ಹೆಚ್ಚಿಟ್ಟು, ನಡುವನ್ನು ಬಿಲ್ಲಿನಂತೆ ಬಾಗಿಸಿ ಒಳಕ್ಕೆ ಒತ್ತಿದರೆ ಎರಡೂ ತುದಿ ಬಿಗಿಯಾಗುತ್ತವೆ.

ಯಾವ ಪಟ್ಟಿಯನ್ನು ಮೊದಲು ಹೊಡೆಯಬೇಕೆಂಬುದೂ ಮುಖ್ಯ. ಬಾಗಿಲಿಗೆ ಎದುರಿನ ಗೋಡೆಗೆ ಇಡೀ ಪಟ್ಟಿ, ಅಕ್ಕಪಕ್ಕದ ಗೋಡೆಗಳಿಗೆ ಕೊರೆದ ಪಟ್ಟಿ. ಹೀಗಿದ್ದರೆ ಮುಂದೆಂದೋ ಕೂದಲೆಳೆಯಷ್ಟು ಸಂದು ಬಿಟ್ಟರೂ ಒಳಗೆ ಬರುವವರ ನೋಟ ಅದರೊಳಕ್ಕೆ ಹೋಗದು. ಮೂಲೆಯಲ್ಲಿ ಗಾರೆ ಗುಂಡಗೆ ತುಂಬಿಕೊಂಡಿದ್ದರೆ ಕೆರೆದು ತೆಗೆಯದೆ ಯಾವ ಜೋಡಣೆಯೂ ಕೂರುವುದಿಲ್ಲ.

ಈ ಕ್ರಮಕ್ಕೂ ಮಿತಿಯಿದೆ. ಮೇಲ್ತುದಿ ಪೂರ್ತಿ ದುಂಡಗಿರುವ ಪಟ್ಟಿಯಲ್ಲಿ ಕೊರೆದ ತುದಿ ಕಾಗದದಷ್ಟು ತೆಳುವಾಗಿ ಮುರಿಯುತ್ತದೆ. ಅಲ್ಲಿ ಮೇಲಿನ ದುಂಡಿಗಷ್ಟೇ ಮೈಟರ್ ಮಾಡಿ, ಕೆಳಭಾಗವನ್ನು ನೇರ ಕೂರಿಸುವುದು ಲೇಸು. ಡಿಸೈನಿಲ್ಲದ ಚಪ್ಪಟೆ ಪಟ್ಟಿಗೆ ಕೊರೆತವೇ ಬೇಡ. ಮೊದಲ ಪಟ್ಟಿ ಎಷ್ಟು ವಾಲಿದೆಯೋ ಅಷ್ಟೇ ವಾಲಿಸಿ ಎರಡನೆಯದರ ತುದಿ ಕತ್ತರಿಸಿದರೆ ಮುಗಿಯಿತು. ಎಂಡಿಎಫ್ ಪಟ್ಟಿಯ ತುದಿ ಕೊರೆಯುವಾಗ ಉದುರುತ್ತದೆ, ನೀರು ತಾಗಿದರೆ ಉಬ್ಬುತ್ತದೆ; ಒದ್ದೆ ಬಟ್ಟೆಯಲ್ಲಿ ದಿನವೂ ನೆಲ ಒರೆಸುವ, ಮಳೆಗಾಲದಲ್ಲಿ ಗೋಡೆಯ ಬುಡ ಥಂಡಿ ಹಿಡಿಯುವ ಮನೆಗೆ ಅದು ತಕ್ಕದ್ದಲ್ಲ. ಸಾಗವಾನಿಗಾದರೂ ಹಿಂಬದಿಗೆ ಗೆದ್ದಲು ಔಷಧಿ ಮತ್ತು ವಾರ್ನಿಶ್ ಬಳಿದೇ ಹೊಡೆಯಬೇಕು. ಹೊಡೆಯುವ ಮೊದಲು ಪಟ್ಟಿಗಳನ್ನು ಕೆಲವು ವಾರ ಅದೇ ಕೋಣೆಯಲ್ಲಿ ಇಟ್ಟು ಹವೆಗೆ ಹೊಂದಿಸುವುದು ಒಳ್ಳೆಯದು.

ಕಾವಿ ನೆಲದ ಮನೆಗಳಲ್ಲಿ ಈ ತೊಡಕೇ ಇರಲಿಲ್ಲ. ನೆಲದ ಗಾರೆಯನ್ನೇ ಗೋಡೆಯ ಮೇಲೆ ಒಂದಿಷ್ಟು ಏರಿಸಿ, ಮೂಲೆಯನ್ನು ಗುಂಡಗೆ ತಿಕ್ಕಿ ನಯಮಾಡಿದರೆ ಜೋಡಣೆಯೂ ಇಲ್ಲ, ಕಸ ಕೂರುವ ಸಂದೂ ಇಲ್ಲ. ಈಗಿನ ಹೊಸ ಮನೆಗಳಲ್ಲಿ ಹೆಚ್ಚಾಗಿ ಬರುವುದು ಟೈಲ್ಸ್ ಅಥವಾ ಗ್ರಾನೈಟಿನ ನಾಲ್ಕಿಂಚು ಪಟ್ಟಿ. ಅದರ ಒಳಮೂಲೆಗೂ ಮೈಟರ್ ಬೇಕಿಲ್ಲ. ಗ್ರೈಂಡರಿನಲ್ಲಿ ಓರೆ ಹೊಡೆದರೆ ಟೈಲಿನ ಹೊಳಪಿನ ಪದರ ಚಕ್ಕೆ ಏಳುತ್ತದೆ. ಮೊದಲ ತುಂಡಿನ ಕತ್ತರಿಸಿದ ತುದಿಯನ್ನು ಮೂಲೆಯೊಳಗೆ ಮರೆಮಾಡಿ, ಎರಡನೆಯ ತುಂಡಿನ ಕಾರ್ಖಾನೆ ಅಂಚನ್ನು ಅದರ ಮೈಗೆ ಒತ್ತಿ ನಿಲ್ಲಿಸಿ, ನಡುವಿನ ಗೆರೆಗೆ ಟೈಲಿನದೇ ಬಣ್ಣದ ಫಿಲ್ಲರ್ ತುಂಬಿದರೆ ಸಾಕು.