ಲಾಜರನ ಮೌನ

ನನ್ನ ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯ ಮಿಷನರಿಗಳ ಕನ್ನಡ ಗದ್ಯವನ್ನು ಕುರಿತದ್ದು. ಅದಕ್ಕಾಗಿ ಧಾರವಾಡದ ನನ್ನ ಕೋಣೆಯಲ್ಲಿ ಕೂತು ಕನ್ನಡ ಬೈಬಲ್ ಓದುತ್ತಿದ್ದಾಗ, ಲೂಕನ ಸುವಾರ್ತೆಯ 16ನೇ ಅಧ್ಯಾಯದ ಕಥೆಯೊಂದು ನನ್ನನ್ನು ತಡೆದು ನಿಲ್ಲಿಸಿತು. ಒಬ್ಬ ಶ್ರೀಮಂತ, ದಿನವೂ ಅವನ ಮನೆಯಲ್ಲಿ ಹಬ್ಬದೂಟ. ಅವನ ಬಾಗಿಲಲ್ಲಿ ಮೈತುಂಬ ಹುಣ್ಣಾಗಿ ಬಿದ್ದಿರುವ ಬಡವ ಲಾಜರ. ಇಬ್ಬರೂ ಸಾಯುತ್ತಾರೆ. ಲಾಜರ ಅಬ್ರಹಾಮನ ಎದೆಗೊರಗುತ್ತಾನೆ, ಶ್ರೀಮಂತ ಬೆಂಕಿಯಲ್ಲಿ ಬೇಯುತ್ತಾನೆ.

ಉಳ್ಳವನಿಗೆ ನರಕ, ಇಲ್ಲದವನಿಗೆ ಸ್ವರ್ಗ ಎಂದು ಓದಿ ಮುಗಿಸುವುದು ಸುಲಭ. ಆದರೆ ಈ ಅಬ್ರಹಾಮನೇ ದನಕರು, ಬೆಳ್ಳಿಬಂಗಾರವಿದ್ದ ದೊಡ್ಡ ಸಾಹುಕಾರ. ಶ್ರೀಮಂತ ಕದ್ದನೆಂದಾಗಲಿ, ಲಾಜರನನ್ನು ಹೊಡೆದು ಓಡಿಸಿದನೆಂದಾಗಲಿ ಕಥೆಯಲ್ಲಿಲ್ಲ. ತಪ್ಪಿರುವುದು ಆ ಬಾಗಿಲಲ್ಲಿ. ಬೆಂಕಿಯಲ್ಲಿದ್ದಾಗಲೂ ಅವನು ಲಾಜರನೊಡನೆ ಮಾತಾಡುವುದಿಲ್ಲ. ನೀರು ತರಲು ಲಾಜರನನ್ನು ಕಳಿಸು, ಅಣ್ಣತಮ್ಮಂದಿರಿಗೆ ಸುದ್ದಿ ಮುಟ್ಟಿಸಲು ಅವನನ್ನೇ ಕಳಿಸು ಎಂದು ಅಬ್ರಹಾಮನನ್ನು ಕೇಳುತ್ತಾನೆ. ಅಂದರೆ ಬಾಗಿಲಲ್ಲಿದ್ದವನ ಹೆಸರು ಅವನಿಗೆ ಗೊತ್ತಿತ್ತು!

ಹೆಸರಿಲ್ಲದವನು ಶ್ರೀಮಂತ, ಹೆಸರಿರುವವನು ಬಡವ. ಲೋಕದ ರೂಢಿಯನ್ನು ಕಥೆ ಹೀಗೆ ತಲೆಕೆಳಗು ಮಾಡುತ್ತದೆ. ಆದರೂ ಮೊದಲಿಂದ ಕೊನೆಯವರೆಗೆ ಲಾಜರ ಒಂದು ಮಾತೂ ಆಡುವುದಿಲ್ಲ. ಉಳ್ಳವರು ಗುಡಿ ಕಟ್ಟುವುದನ್ನು ಕುರಿತ ಬಸವಣ್ಣನ ವಚನದಲ್ಲಿ ಬಡವ ತಾನೇ ಮಾತಾಡುತ್ತಾನೆ. ಆದರೆ ಆ ದನಿ ಬಿಜ್ಜಳನ ಭಂಡಾರಿಯದು. ಒಂದು ಕಡೆ ಬಡವನ ಮೌನ, ಇನ್ನೊಂದು ಕಡೆ ಬಡವನ ಪರವಾಗಿ ಬೇರೊಬ್ಬರ ಮಾತು. ಬಡತನದ ಬಗ್ಗೆ ಬರೆಯುವ ಎಲ್ಲರೂ ಈ ಎರಡರ ನಡುವೆಯೇ ಸಿಕ್ಕಿಕೊಂಡಿರುತ್ತೇವೆ.

ಈ ಕಥೆಯನ್ನು ಹೊತ್ತು ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಮತಾಂತರಗೊಂಡವರಲ್ಲಿ ಅನೇಕರು ಜಾತಿಯ ಜೊತೆಗೆ ಕಸುಬು, ಬಂಧುಬಳಗವನ್ನೂ ಕಳೆದುಕೊಂಡರು. ಅವರಿಗೆ ಭಿಕ್ಷೆಗಿಂತ ದುಡಿಮೆ ಕೊಡುವುದು ಮೇಲು ಎಂದು ಮಿಷನ್ ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆ ತೆರೆಯಿತು, 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿತು. ಕಾಯಕದ ಮಾತು ಕೇಳಿ ಬೆಳೆದ ನಮ್ಮ ಸೀಮೆಯವರಿಗೆ ಇದು ಹತ್ತಿರದ್ದೆನಿಸುತ್ತದೆ. ಬಾಗಿಲಲ್ಲಿದ್ದವನನ್ನು ಇಲ್ಲಿ ಒಳಗೆ ಕರೆದರು, ಕೈಗೆ ಕೆಲಸ ಕೊಟ್ಟರು. ಅದು ಸಣ್ಣ ಮಾತಲ್ಲ. ಆದರೆ ಕೂಲಿ ಕೊಡುವವರೂ ಪ್ರಾರ್ಥನೆ ಮಾಡಿಸುವವರೂ ಒಂದೇ ಸಂಸ್ಥೆಯವರಾದಾಗ, ಕೂಲಿ ಸಾಲದು ಅನ್ನಿಸಿದವನು ಯಾರ ಮುಂದೆ ಹೇಳಬೇಕು? ನೆರವು ಪಡೆದವನ ಬಾಯಿ ಕೃತಜ್ಞತೆಯಿಂದಲೇ ಕಟ್ಟಿಹೋಗುವುದುಂಟು.

ನಮ್ಮ ವಿಮರ್ಶೆಯೂ ಆ ಬಾಯಿ ಬಿಡಿಸಲಿಲ್ಲ. 1843ರ ‘ಮಂಗಳೂರ ಸಮಾಚಾರ’ದಿಂದಾಗಿ ಮೋಗ್ಲಿಂಗ್ ನಮಗೆ ಗೊತ್ತು, 1894ರ ನಿಘಂಟಿನಿಂದಾಗಿ ಕಿಟೆಲ್ ಗೊತ್ತು. ಹೆಂಚು ಸುಟ್ಟವರು, ಬಟ್ಟೆ ನೇಯ್ದವರು ಯಾರು? ಲಾಜರನಿಗೆ ಹೆಸರಾದರೂ ಇತ್ತು.

ಇದನ್ನು ಬೇರೆಯವರ ಮೇಲೆ ಹೊರಿಸಲಾರೆ. ನನ್ನ ಅಧ್ಯಾಯದ ಕರಡಿನಲ್ಲಿ ಕಿಟೆಲ್‌ಗೆ ನಲವತ್ತು ಪುಟ. ಕಾರ್ಖಾನೆಯ ಜನರಿಗೆ ಒಂದು ಅಡಿಟಿಪ್ಪಣಿ. ಅವರಿದ್ದದ್ದು ನನಗೆ ಗೊತ್ತೇ ಇತ್ತು, ಆ ಶ್ರೀಮಂತನಿಗೆ ಗೊತ್ತಿದ್ದ ಹಾಗೆ. ಈ ವಾರ ಅಡಿಟಿಪ್ಪಣಿಯನ್ನು ಪಠ್ಯದೊಳಕ್ಕೆ ತಂದೆ. ಎರಡು ಪ್ಯಾರಾ ಆಯಿತು. ಅದರಲ್ಲಿಯೂ ಮಾತಾಡುತ್ತಿರುವವಳು ನಾನೇ.